ಬಾಗಿಲು ನೋಡಿ ಗುರುತು ಹಿಡಿಯುವುದು: ಕೊಪ್ಪಳದ ಹಿತ್ತಲಲ್ಲಿ ಒಂಟಿ ಜೇನುಗಳಿಗೆ ಕಟ್ಟಿದ ಗೂಡು

ಹಿತ್ತಲ ಗೋಡೆಗೆ ತೂಗು ಹಾಕಿದ ಗೂಡಿನಲ್ಲಿ ಈಗ ಅರ್ಧಕ್ಕಿಂತ ಜಾಸ್ತಿ ತೂತುಗಳು ಮುಚ್ಚಿವೆ. ಕೆಲವಕ್ಕೆ ಮಣ್ಣಿನ ಬಾಗಿಲು, ಕೆಲವಕ್ಕೆ ಎಲೆಯದು, ಒಂದೆರಡಕ್ಕೆ ಒಣ ಹುಲ್ಲಿನದು. ಫೆಬ್ರವರಿಯಲ್ಲಿ ಶುರು ಮಾಡಿದ ಕೆಲಸ ನವೆಂಬರಿಗೆ ಇಲ್ಲಿಗೆ ಬಂದಿದೆ. ಯಾರಾದರೂ ಇದೇ ಕೆಲಸಕ್ಕೆ ಕೈ ಹಾಕುವುದಿದ್ದರೆ ಉಪಯೋಗವಾಗಲಿ ಎಂದು ಅಳತೆ, ಖರ್ಚು, ಕೆಟ್ಟುಹೋದದ್ದು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಮನೆ ಇರುವುದು ಕೊಪ್ಪಳದ ಅಂಚಿನಲ್ಲಿ. ಹಿತ್ತಲಲ್ಲಿ ಬದನೆ, ಟೊಮೆಟೊ, ನುಗ್ಗೆ, ಗುಲಾಬಿ, ಕಾಗದದ ಹೂ, ಕಾಮಕಸ್ತೂರಿ ಇವೆ. ಮಳೆಗಾಲದಲ್ಲಿ ಒಂದು ಸಾಲು ತೊಗರಿ ಹಾಕುತ್ತೇವೆ. ಕಿಟಕಿ ಚೌಕಟ್ಟಿನ ಸ್ಕ್ರೂ ತೂತು, ನಲ್ಲಿ ಪೈಪು, ಸ್ವಿಚ್ ಬೋರ್ಡಿನ ಸಂದಿ, ಎಲ್ಲ ಕಡೆ ಹುಳ ಗೂಡು ಕಟ್ಟುತ್ತಿದ್ದವು. ಅವ್ವ ಸೀಮೆಎಣ್ಣೆ ಬಟ್ಟೆ ಹಿಡಿದು ಒರೆಸುವ ಮೊದಲು ಅವು ಯಾರು ಅಂತ ತಿಳಿಯಬೇಕಿತ್ತು. ಹುಳ ಹಾರುತ್ತಿರುವಾಗ ಗುರುತಿಸುವುದು ಬಹಳ ಕಷ್ಟ. ಗೂಡು ಓಡಿಹೋಗುವುದಿಲ್ಲ. ಅದಕ್ಕೇ ಗೂಡಿನಿಂದ ಶುರು ಮಾಡಿದೆ.

1. ಫೆಬ್ರವರಿ: ಮೊದಲು ಸುಮ್ನೆ ನೋಡಿದ್ದು

ಬೇಕಾದದ್ದು ಒಂದು ಟಾರ್ಚು, ಒಂದು ಸ್ಕೇಲು, ಒಂದು ನೋಟ್‌ಬುಕ್ಕು. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ 350 ರೂಪಾಯಿ ಕೊಟ್ಟು ತರಿಸಿದೆ. ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅದೇ.

ಮೊದಲ ಪ್ರಶ್ನೆ ಯಾವಾಗಲೂ ಇದೇ: ಜೇನೋ, ಕಣಜವೋ, ನೊಣವೋ? ನೊಣಕ್ಕೆ ಒಂದೇ ಜೊತೆ ರೆಕ್ಕೆ, ಮೀಸೆ ಮೊಂಡು. ಹಳದಿ ಪಟ್ಟೆ ಹೊತ್ತು ಜೇನಿನಂತೆ ಕಾಣುವ ಹೂನೊಣಗಳೂ ಇವೆ. ಮೀಸೆ ನೋಡಿದರೆ ಸಾಕು, ಗೊತ್ತಾಗುತ್ತದೆ. ಜೇನು ಮತ್ತು ಕಣಜಕ್ಕೆ ಎರಡು ಜೊತೆ ರೆಕ್ಕೆ. ಜೇನಿಗೆ ಮೈಮೇಲೆ ಕೂದಲು ಜಾಸ್ತಿ, ಕಾಲಿಗೋ ಹೊಟ್ಟೆ ಕೆಳಗೋ ಪರಾಗ ಅಂಟಿರುತ್ತದೆ. ಕಣಜದ ಮೈ ನುಣುಪು, ಸೊಂಟ ಸಣ್ಣ, ಗೂಡಿಗೆ ಬರುವಾಗ ಹೂವಿನ ಪುಡಿಯ ಬದಲು ಬೇಟೆ ಹಿಡಿದು ಬರುತ್ತದೆ.

ಮನೆಯವರಿಗೆ ಇನ್ನೊಂದು ಮಾತು ಹೇಳಿ ಒಪ್ಪಿಸಬೇಕಾಯಿತು. ಜೇನು ಅಂದ ಕೂಡಲೇ ಎಲ್ಲರಿಗೂ ಹೆಜ್ಜೇನು ಕಣ್ಣ ಮುಂದೆ ಬರುತ್ತದೆ, ಅಲ್ವಾ? ಒಂಟಿ ಜೇನಿನಲ್ಲಿ ರಾಣಿ ಇಲ್ಲ, ಆಳು ಇಲ್ಲ, ಕೂಡಿಡುವ ತುಪ್ಪವೂ ಇಲ್ಲ. ಒಂದು ತಾಯಿ, ಅದರದೇ ಒಂದು ಗೂಡು. ಕಾಯುವುದಕ್ಕೆ ದೊಡ್ಡ ಸಂಸಾರ ಇಲ್ಲದ್ದರಿಂದ ಗುಂಪಾಗಿ ಮೇಲೆ ಬೀಳುವುದೂ ಇಲ್ಲ. ಹೆಣ್ಣಿಗೆ ಕೊಂಡಿ ಇದೆ, ಕೈಯಲ್ಲಿ ಹಿಡಿದು ಅಮುಕಿದರೆ ಚುಚ್ಚುತ್ತದೆ. ಗಂಡಿಗೆ ಕೊಂಡಿಯೇ ಇಲ್ಲ. ಆದರೆ ಕಾಗದದಂಥ ಗೂಡನ್ನು ತೂಗು ಹಾಕಿ, ಅದರ ಮೇಲೆ ಗುಂಪಾಗಿ ಕೂರುವ ಹಳದಿ ಕಡಜಗಳ ಲೆಕ್ಕ ಬೇರೆ. ಅವು ಕೂಡಿ ಬಾಳುವವು, ಗೂಡು ಮುಟ್ಟಿದರೆ ಬಿಡುವುದಿಲ್ಲ. ಅವನ್ನು ಈ ಕೆಲಸದಿಂದ ದೂರ ಇಟ್ಟೆ.

2. ಮಾರ್ಚ್: ಬಳ್ಳಾರಿ ಜಾಲಿ ಕೊರಡು, ಕೆಲಸಕ್ಕೆ ಬರಲಿಲ್ಲ

ಕಟ್ಟಿಗೆ ಅಡ್ಡೆಯಲ್ಲಿ ಬಳ್ಳಾರಿ ಜಾಲಿಯ ಒಂದು ಕೊರಡು ಸಿಕ್ಕಿತು. 12 ಇಂಚು ಉದ್ದ, 7 ಇಂಚು ದಪ್ಪ, 60 ರೂಪಾಯಿ. ಡ್ರಿಲ್ ಮಷಿನ್ ಮನೆಯಲ್ಲೇ ಇತ್ತು. 4, 6, 8, 10 ಮಿ.ಮೀ. ಉದ್ದನೆಯ ಮರದ ಬಿಟ್‌ಗಳಿಗೆ 420 ರೂಪಾಯಿ ಆಯಿತು.

ಜಾಲಿ ಬಹಳ ಗಟ್ಟಿ. 4 ಮಿ.ಮೀ. ಬಿಟ್ ಒಳಗೇ ಮುರಿಯಿತು. ಉಳಿದ ಅಳತೆಗಳಲ್ಲಿ 12 ಸೆಂ.ಮೀ. ಆಳದವರೆಗೆ ಕೊರೆದೆ. ಪ್ರತಿ ಎರಡು ಸೆಂ.ಮೀ.ಗೆ ಬಿಟ್ ಹೊರಗೆ ತೆಗೆದು ಪುಡಿ ಉದುರಿಸಬೇಕು, ಇಲ್ಲದಿದ್ದರೆ ಮರ ಸುಟ್ಟ ವಾಸನೆ ಬರುತ್ತದೆ. ತೂತಿನ ಬಾಯಿಗೆ ಎಮರಿ ಪೇಪರ್ ಸುತ್ತಿ ಉಜ್ಜಿದೆ. ಸಿಬಿರು ಉಳಿದರೆ ಹುಳದ ರೆಕ್ಕೆ ಹರಿಯುತ್ತದೆ.

ಕೊರಡು ಹಸಿಯಾಗಿತ್ತು. ದಕ್ಷಿಣಕ್ಕೆ ಮುಖ ಮಾಡಿ ಬಿಸಿಲಲ್ಲಿ ಇಟ್ಟೆ. ದಕ್ಷಿಣಕ್ಕೆ ಇಡಿ ಎಂಬ ಸಲಹೆ ಚಳಿ ದೇಶದವರದು. ಏಪ್ರಿಲ್ ಬಿಸಿಲಿಗೆ ಕೊರಡು ಉದ್ದಕ್ಕೂ ಸೀಳು ಬಿಟ್ಟಿತು. ಸೀಳು ಒಂದು ತೂತಿನಿಂದ ಇನ್ನೊಂದಕ್ಕೆ ದಾರಿ ಮಾಡಿತು, ಅದರೊಳಗೆ ಇರುವೆ ಸೇರಿದವು. ಮಧ್ಯಾಹ್ನ ಕೊರಡಿನ ಮೇಲೆ ಕೈ ಇಡಲಾಗುತ್ತಿರಲಿಲ್ಲ. ಒಂದು ಹುಳವೂ ಬರಲಿಲ್ಲ.

ಇದರಿಂದ ಎರಡು ವಿಷಯ ತಿಳಿದವು. ಕಟ್ಟಿಗೆ ಒಂದು ವರ್ಷವಾದರೂ ನೆರಳಲ್ಲಿ ಒಣಗಿರಬೇಕು. ನಮ್ಮ ಕಡೆ ಗೂಡಿನ ಮುಖ ಪೂರ್ವಕ್ಕಿರಬೇಕು, ಮೇಲೆ ಸಜ್ಜೆಯ ನೆರಳಿರಬೇಕು. ಬೆಳಗಿನ ಬಿಸಿಲು ಸಾಕು.

3. ಏಪ್ರಿಲ್ ಕೊನೆ: ಬಿದಿರು

ಮೇದಾರ ಓಣಿಯಲ್ಲಿ ಬುಟ್ಟಿ ಹೆಣೆದು ಉಳಿದ ಬಿದಿರಿನ ತುದಿಗಳು ಸಿಕ್ಕವು. ಒಂದು ಹೊರೆಗೆ 100 ರೂಪಾಯಿ ಕೊಟ್ಟೆ. ಬುಟ್ಟಿಗೆ ಬೇಡವಾದ ಸಣ್ಣ ತುದಿಯೇ ಈ ಕೆಲಸಕ್ಕೆ ಸರಿ. ಒಳಗಿನ ತೂತು 4ರಿಂದ 12 ಮಿ.ಮೀ. ಇರುತ್ತದೆ.

ಕತ್ತರಿಸುವಾಗ ಗೆಣ್ಣು ಹಿಂದಿನ ತುದಿಯಲ್ಲಿ ಉಳಿಯುವಂತೆ ನೋಡಿಕೊಳ್ಳಬೇಕು. ಎರಡೂ ಕಡೆ ತೆರೆದ ಕೊಳವೆಗೆ ಹುಳ ಬರುವುದು ಅಪರೂಪ. ಉದ್ದ 15 ಸೆಂ.ಮೀ. ಇಟ್ಟೆ. ಕೊಡಲಿಯಿಂದ ಕಡಿದರೆ ಬಾಯಿ ಸೀಳುತ್ತದೆ, ಹ್ಯಾಕ್ಸಾ ಬ್ಲೇಡಿನಿಂದ ನಿಧಾನಕ್ಕೆ ಕೊಯ್ಯಬೇಕು. ಸೀಳಿದವನ್ನು ಒಲೆಗೆ ಹಾಕಿದೆ.

ಉದ್ದದ ವಿಷಯದಲ್ಲಿ ಕಂಜೂಸು ಮಾಡಬೇಡಿ. ತಾಯಿ ಒಳತುದಿಯಿಂದ ಒಂದೊಂದೇ ಕೋಣೆ ಕಟ್ಟುತ್ತಾ ಬಾಗಿಲ ಕಡೆ ಬರುತ್ತದೆ. ಮೊಟ್ಟೆ ಹೆಣ್ಣಾಗಬೇಕೋ ಗಂಡಾಗಬೇಕೋ ಅದರ ಕೈಯಲ್ಲೇ ಇದೆ. ಸಾಮಾನ್ಯವಾಗಿ ಹೆಣ್ಣು ಮೊಟ್ಟೆ ಒಳಗೆ, ಗಂಡು ಮೊಟ್ಟೆ ಬಾಗಿಲ ಹತ್ತಿರ. ಗಂಡು ಮೊದಲು ಬೆಳೆದು ಹೊರಗೆ ಬರುತ್ತದೆ. ಕೊಳವೆ ಗಿಡ್ಡವಾದರೆ ಗಂಡೇ ಜಾಸ್ತಿಯಾಗಿ ಮುಂದಿನ ಪೀಳಿಗೆ ಸೊರಗುತ್ತದೆ.

4 ಇಂಚಿನ ಪಿವಿಸಿ ಪೈಪಿನ 20 ಸೆಂ.ಮೀ. ತುಂಡಿನಲ್ಲಿ ಬಿದಿರನ್ನು ಬಿಗಿಯಾಗಿ ತುಂಬಿದೆ. ಪೈಪಿನ ಅಂಚು ಮುಂದೆ ಚಾಚಿರುವುದರಿಂದ ಎರಚಲು ತಾಗುವುದಿಲ್ಲ. ಜಿಐ ತಂತಿಯಿಂದ ಪೂರ್ವದ ಗೋಡೆಗೆ, ನೆಲದಿಂದ ಐದಡಿ ಎತ್ತರದಲ್ಲಿ ಕಟ್ಟಿದೆ. ಗಾಳಿಗೆ ಅಲ್ಲಾಡದ ಹಾಗೆ ಕೆಳಗೂ ಒಂದು ಕಟ್ಟು ಹಾಕಿದೆ. ಅಲ್ಲಾಡುವ ಗೂಡಿಗೆ ಹುಳ ಇಳಿಯಲಾರದು.

ಅದೇ ಹೊತ್ತಿಗೆ ಇನ್ನೊಂದು ಪೈಪಿನಲ್ಲಿ ಪ್ಲಾಸ್ಟಿಕ್ ಸ್ಟ್ರಾ ತುಂಬಿ ನೋಡಿದೆ. ಜುಲೈನಲ್ಲಿ ಬಿಚ್ಚಿದಾಗ ಎರಡು ಸ್ಟ್ರಾಗಳಲ್ಲಿ ಕೋಣೆ ಕಟ್ಟಿದ್ದವು, ಎರಡರಲ್ಲೂ ಬೂಷ್ಟು ಹಿಡಿದು ಮರಿ ಸತ್ತಿದ್ದವು. ಬಿದಿರು ಪಸೆ ಹೀರಿಕೊಳ್ಳುತ್ತದೆ, ಪ್ಲಾಸ್ಟಿಕ್ ಒಳಗೇ ಹಿಡಿದಿಡುತ್ತದೆ. ಮಕ್ಕಳ ಜೊತೆ ಮಾಡುವವರು ಸುಲಭ ಅಂತ ಸ್ಟ್ರಾ ಹಿಡಿಯುತ್ತಾರೆ. ದಯವಿಟ್ಟು ಬೇಡ.

4. ಜೂನ್: ತೆರೆದು ನೋಡುವ ಹಲಗೆ

ಬಿದಿರಿನ ಬಾಗಿಲು ಕಾಣುತ್ತದೆ, ಒಳಗಿನ ಸಾಮಾನು ಕಾಣುವುದಿಲ್ಲ. ಪೂರ್ತಿ ಗುರುತು ಸಿಗುವುದು ಒಳಗಿನ ಸಾಮಾನಿನಿಂದ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ ಗುಜರಿಯಲ್ಲಿ 80 ರೂಪಾಯಿಗೆ ತಂದೆ. 15 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ ತುಂಡುಗಳು. ಒಂದೊಂದರ ಮೇಲೂ 6, 8, 8, 10 ಮಿ.ಮೀ. ಅಗಲದ ಕಾಲುವೆ ತೆಗೆಸಬೇಕಿತ್ತು, ಅಗಲದಷ್ಟೇ ಆಳಕ್ಕೆ. ಹಿಂದಿನ ತುದಿ ಮುಚ್ಚಿರಬೇಕು.

ನಮ್ಮ ಓಣಿಯ ಬಡಿಗೇರರು ಅಳತೆ ನೋಡಿ ಕೇಳಿದರು: "ಹುಳಕ್ಕ ಮನಿ ಮಾಡಾಕ ಇಷ್ಟ ನಮೂನಿ ತೂತ ಯಾಕ್ರಿ?"

"ಒಂದೊಂದ ಹುಳಕ್ಕ ಒಂದೊಂದ ಅಳತಿ ಬೇಕ್ರಿ ಅಣ್ಣಾರ. ಸಡ್ಲ ಆದ್ರ ಒಲ್ಲೆ ಅಂತಾವ."

ರೂಟರ್ ಮಷಿನ್‌ನಲ್ಲಿ ಆರು ಹಲಗೆ ಮಾಡಿಕೊಟ್ಟು 350 ರೂಪಾಯಿ ತೆಗೆದುಕೊಂಡರು. ಪಾಲಿಶ್ ಹಾಕಬೇಡಿ ಎಂದು ಮೊದಲೇ ಹೇಳಿದ್ದೆ. ವಾರ್ನಿಷ್ ವಾಸನೆಗೆ ಹುಳ ಹತ್ತಿರ ಬರುವುದಿಲ್ಲ.

ಕಾಲುವೆಗಳ ಮೇಲೆ ಪಾರದರ್ಶಕ ಓಎಚ್‌ಪಿ ಹಾಳೆ ಅಂಟಿಸಿ, ಅದರ ಮೇಲೆ ಇನ್ನೊಂದು ಹಲಗೆ ಇಟ್ಟು, ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದೆ. ಮೇಲಿನ ಹಲಗೆ ಮುಚ್ಚಿರುವುದು ಮುಖ್ಯ. ಒಂದು ಹಲಗೆಯನ್ನು ಬರೀ ಹಾಳೆಯೊಂದಿಗೆ, ಮುಚ್ಚಳವಿಲ್ಲದೆ ಬಿಟ್ಟು ನೋಡಿದೆ. ಹುಳ ಒಳಗೆ ಹೋಗಿ, ಬೆಳಕು ಕಂಡು ತಿರುಗಿ ಬರುತ್ತಿತ್ತು. ಕತ್ತಲೆ ಮಾಡಿದ ಮೇಲೆ ಅದೇ ಹಲಗೆ ತುಂಬಿತು. ತೆರೆದು ನೋಡುವುದು ಸಂಜೆ ಹೊತ್ತಿನಲ್ಲಿ, ಒಂದೆರಡು ನಿಮಿಷ ಮಾತ್ರ.

5. ಜುಲೈಯಿಂದ ನವೆಂಬರ್: ಯಾರು ಯಾರು ಬಂದರು

ಮೊದಲು ಬಂದದ್ದು ಕಂದು ಬಣ್ಣದ ದೊಡ್ಡ ಕಣಜ. ಹೊಟ್ಟೆಗೆ ಕಪ್ಪು ಪಟ್ಟಿ, ರೆಕ್ಕೆ ಮಬ್ಬು. ರಿಂಕಿಯಮ್ ಕುಲದ್ದು (ಹತ್ತಿರದ ಸಂಬಂಧದ ಜಾತಿಗಳ ಗುಂಪಿಗೆ ಕುಲ ಅನ್ನುತ್ತಾರೆ). 10 ಮಿ.ಮೀ. ಕಾಲುವೆ ಹಿಡಿಯಿತು. ಬಾಯಲ್ಲಿ ಮಣ್ಣಿನ ಉಂಡೆ ತಂದು ಅಡ್ಡಗೋಡೆ ಕಟ್ಟುತ್ತದೆ. ಪ್ರತಿ ಕೋಣೆಯಲ್ಲಿ ಹಸಿರು ಕೀಡೆಗಳು. ಅವು ಸತ್ತಿಲ್ಲ. ಕೊಂಡಿ ಚುಚ್ಚಿ ಮಿಸುಕದಂತೆ ಮಾಡಿರುತ್ತದೆ, ಅದಕ್ಕೇ ಕೊಳೆಯುವುದಿಲ್ಲ. ಲೆನ್ಸ್ ಹಿಡಿದು ನೋಡಿದಾಗ ಕೋಣೆಯ ಚಾವಣಿಯಿಂದ ಸಣ್ಣ ಎಳೆಯೊಂದರಲ್ಲಿ ಮೊಟ್ಟೆ ತೂಗುತ್ತಿತ್ತು. ಮರಿ ಒಡೆದು ಬಂದು ಕೀಡೆಗಳನ್ನು ತಿಂದು, ಕೋಶ ಕಟ್ಟಿ, ಕಣಜವಾಗಿ ಬಾಗಿಲು ಕೊರೆದು ಹೊರಬರುತ್ತದೆ. ನಮ್ಮ ಹಿರಿಯರು ಕೀಟ ಭ್ರಮರ ನ್ಯಾಯ ಅಂತಾರಲ್ಲ, ಕಣಜ ಗುಂಯ್‌ಗುಟ್ಟಿ ಹುಳವನ್ನು ತನ್ನಂತೆ ಮಾಡುತ್ತದೆ ಅಂತ? ಹುಳ ಒಳಗೆ ಹೋದದ್ದನ್ನೂ ಕಣಜ ಹೊರಗೆ ಬಂದದ್ದನ್ನೂ ಅವರು ಸರಿಯಾಗಿಯೇ ನೋಡಿದ್ದರು. ನಡುವೆ ನಡೆಯುವುದು ಮಣ್ಣಿನ ಗೋಡೆಯ ಹಿಂದೆ ಇತ್ತು. ಹಾಳೆಯ ಆಚೆಯಿಂದ ಅದನ್ನು ಕಂಡಾಗ ನನಗೆ ಬಹಳ ಖುಷಿಯಾಯಿತು. ಅವ್ವನನ್ನೂ ಕರೆದು ತೋರಿಸಿದೆ. ಸೀಮೆಎಣ್ಣೆ ಬಟ್ಟೆ ಆಮೇಲೆ ಹೊರಗೆ ಬರಲಿಲ್ಲ.

ಎಲೆಕತ್ತರಿ ಜೇನು, ಅಂದರೆ ಮೆಗಾಕೈಲ್, ಮನೆಗೆ ಬಂದಿದೆ ಎಂಬುದು ಮೊದಲು ಗುಲಾಬಿ ಗಿಡದಲ್ಲಿ ತಿಳಿಯುತ್ತದೆ. ಎಲೆಯ ಅಂಚಿನಲ್ಲಿ ಬಳೆ ಇಟ್ಟು ಕೊಯ್ದ ಹಾಗೆ ನುಣುಪಾದ ಅರ್ಧಚಂದ್ರ. ಮಿಡತೆ, ಕೀಡೆ ತಿಂದ ಅಂಚು ಹರಿದು ಚಿಂದಿಯಾಗಿರುತ್ತದೆ. ಕೋಣೆಯ ಗೋಡೆಗೆ ಉದ್ದನೆಯ ತುಂಡು, ಮುಚ್ಚಳಕ್ಕೆ ದುಂಡನೆಯ ತುಂಡು, ಎರಡು ಬೇರೆ ಬೇರೆ ಅಳತೆಗೆ ಕೊಯ್ಯುತ್ತದೆ. ಪರಾಗವನ್ನು ಹೊಟ್ಟೆಯ ಕೆಳಗಿನ ಕೂದಲಲ್ಲಿ ಹೊರುತ್ತದೆ. ಹೊಟ್ಟೆ ಕೆಳಗೆ ಹಳದಿ ಕಂಡರೆ ಬಹುಮಟ್ಟಿಗೆ ಇದೇ ಗುಂಪು. ಅಕ್ಟೋಬರಿನಲ್ಲಿ ತೊಗರಿ ಹೂ ಬಿಟ್ಟಾಗ ಇವು ಜಾಸ್ತಿಯಾದವು. ತೊಗರಿ ಹೂವಿನ ಮೇಲೆ ಕೂತು ಕೆಳದಳವನ್ನು ತುಳಿದು ಬಿಚ್ಚುವುದನ್ನು ನಿಂತು ನೋಡಬೇಕು. ಗುಲಾಬಿಯ ನಾಲ್ಕು ಎಲೆ ಹೋದರೆ ಗಿಡಕ್ಕೆ ಏನೂ ಆಗುವುದಿಲ್ಲ. ಔಷಧ ಹೊಡೆಯಬೇಡಿ.

ಬಾಗಿಲಲ್ಲಿ ಕಂದು ಅಂಟು ಕಂಡರೆ ಅದು ಅಂಟು ಜೇನು. ಇದೂ ಮೆಗಾಕೈಲ್ ಬಳಗದ್ದೇ, ಎಲೆಯ ಬದಲು ಮರದ ಅಂಟು ಬಳಸುತ್ತದೆ. ಕಡ್ಡಿಯಿಂದ ಮುಟ್ಟಿದರೆ ಹೊಸ ಬಾಗಿಲು ಅಂಟಂಟು. 6 ಮಿ.ಮೀ. ತೂತುಗಳಲ್ಲಿ ಸಿಕ್ಕವು.

ಹುಲ್ಲಿನ ಬಾಗಿಲು ನೋಡಿದವರು ಗುಬ್ಬಿ ಹುಲ್ಲು ತುರುಕಿದೆ ಅಂದುಕೊಳ್ಳುತ್ತಾರೆ. ಅದು ಐಸೋಡಾಂಷಿಯಾ ಎಂಬ ತೆಳ್ಳನೆಯ ಕಪ್ಪು ಕಣಜದ ಕೆಲಸ. ತನಗಿಂತ ಉದ್ದನೆಯ ಹುಲ್ಲುಕಡ್ಡಿಯನ್ನು ಹಿಡಿದು ಹಾರಿ ಬರುತ್ತದೆ. ಒಳಗೆ ಉದ್ದ ಮೀಸೆಯ ಎಳೆ ಹಸಿರು ಮಿಡತೆಗಳು.

4-5 ಮಿ.ಮೀ. ಬಿದಿರಿಗೆ ಮಣ್ಣಿನ ಸಣ್ಣ ಬಾಗಿಲು ಇದ್ದು, ಒಳಗೆ ಪುಟ್ಟ ಜೇಡಗಳು ತುಂಬಿದ್ದರೆ ಅದು ಟ್ರೈಪಾಕ್ಸಿಲಾನ್, ಕಪ್ಪು ಕಡ್ಡಿಯಂಥ ಕಣಜ. ಮಣ್ಣಿನ ಬಾಗಿಲು ಒಂದನ್ನೇ ನೋಡಿ ಹೆಸರು ಬರೆಯಬಾರದು ಎನ್ನುವುದು ಇಲ್ಲಿ ಗೊತ್ತಾಯಿತು. ತೂತಿನ ಅಗಲ, ಬಾಗಿಲ ಸಾಮಾನು, ಒಳಗಿನ ಬೇಟೆ, ಮೂರೂ ಹೊಂದಬೇಕು.

ಗೂಡಿಗೆ ಬಾರದೆ ಮನೆಯಲ್ಲೇ ಕಟ್ಟಿದವರೂ ಇದ್ದಾರೆ. ಗೋಡೆಯ ಮೇಲೆ ಮಣ್ಣಿನ ಮುದ್ದೆಯಂತೆ ಕಾಣುವುದು ಸ್ಕೆಲಿಫ್ರಾನ್ ಕಟ್ಟಿದ್ದು. ಕಪ್ಪು ಮೈ, ಹಳದಿ ಕಾಲು, ಒಳಗೆ ಜೇಡಗಳು. ಪುಟ್ಟ ಮಡಕೆಯ ಹಾಗೆ ಕಂಠ ಇರುವ ಗೂಡು ಕುಂಬಾರ ಕಣಜದ್ದು, ಡೆಲ್ಟಾ ಕುಲ, ಒಳಗೆ ಕೀಡೆಗಳು. ಒಣಗಿದ ನುಗ್ಗೆ ಕೊಂಬೆಯಲ್ಲಿ ಬೆರಳು ಹಿಡಿಸುವಷ್ಟು ದುಂಡು ತೂತು, ಕೆಳಗೆ ಮರದ ಪುಡಿ ಇದ್ದರೆ ದುಂಬಿ, ಅಂದರೆ ಕ್ಸೈಲೊಕೋಪಾ. ಕಪ್ಪು ರೆಕ್ಕೆಯ ಮೇಲೆ ನೇರಳೆ ಹೊಳಪು. ಆ ಕೊಂಬೆಯನ್ನು ಕಡಿಯದೆ ಬಿಟ್ಟಿದ್ದೇನೆ.

ಫೋಟೋಗಳನ್ನು ಜೀವಿಗಳ ಗುರುತು ಹಿಡಿಯಲು ನೆರವಾಗುವ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದೆ, ಬೆಂಗಳೂರಿನ ಎನ್‌ಬಿಎಐಆರ್ ಎಂಬ ಕೃಷಿ ಕೀಟ ಸಂಶೋಧನಾ ಸಂಸ್ಥೆಯ ಜಾಲತಾಣದ ಚಿತ್ರಗಳ ಜೊತೆ ಹೋಲಿಸಿದೆ. ಕುಲದ ಹೆಸರಿಗೆ ನಿಲ್ಲಿಸಿದ್ದೇನೆ. ಮೆಗಾಕೈಲ್‌ನಲ್ಲಿ ಜಾತಿ ಹೇಳಬೇಕಾದರೆ ಹುಳವನ್ನು ಹಿಡಿದು, ಕೊಂದು, ಸೂಕ್ಷ್ಮದರ್ಶಕದ ಕೆಳಗೆ ಇಡಬೇಕಾಗುತ್ತದೆ. ನನ್ನ ಕೆಲಸಕ್ಕೆ ಅದು ಬೇಡ.

6. ಆಗಸ್ಟ್: ನೀಲಿ ಪಟ್ಟೆಯ ಜೇನಿಗೆ ಮಣ್ಣಿನ ಇಟ್ಟಿಗೆ

ಬದನೆ, ಟೊಮೆಟೊ ಹೂವಿನ ಹತ್ತಿರ ಜೋರಾಗಿ ಗುಂಯ್ ಎನ್ನುವ, ಹೊಟ್ಟೆಗೆ ನೀಲಿ ಪಟ್ಟೆ ಇರುವ ಜೇನು ಅಮೆಜಿಲ್ಲಾ. ಈ ಹೂಗಳ ಪರಾಗ ಸಣ್ಣ ರಂಧ್ರದ ಕೊಳವೆಯೊಳಗೆ ಇರುತ್ತದೆ. ಅಮೆಜಿಲ್ಲಾ ಹೂವನ್ನು ಹಿಡಿದು ಮೈ ನಡುಗಿಸಿ ಪರಾಗ ಉದುರಿಸುತ್ತದೆ. ತುಡುವೆ ಜೇನಿಗೆ ಇದು ಬಾರದು. ಅಮೆಜಿಲ್ಲಾಕ್ಕೆ ಬಿದಿರು ಬೇಡ, ಮಣ್ಣು ಬೇಕು. ಹಳೇ ಮಾಳಿಗೆ ಮನೆಗಳ ಮಣ್ಣಿನ ಗೋಡೆಯಲ್ಲಿ ಇದಕ್ಕೆ ಬೇಕಾದಷ್ಟು ಜಾಗವಿತ್ತು. ಸಿಮೆಂಟ್ ಗೋಡೆಯಲ್ಲಿ ಎಲ್ಲಿ ಕೊರೆಯಬೇಕು?

ಮೊದಲ ಇಟ್ಟಿಗೆಯನ್ನು ಎರೆ ಮಣ್ಣಿನಲ್ಲಿ ಮಾಡಿದೆ. ಒಣಗುತ್ತಲೇ ಬಿರಿದು ನಾಲ್ಕು ಚೂರಾಯಿತು. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಹೊಲದಲ್ಲಿ ಬಿರುಕು ಬಿಡುವುದೂ ಅದಕ್ಕೇ. ಎರಡನೆಯದರಲ್ಲಿ ಮಸಾರಿ ಮಣ್ಣು ಮೂರು ಪಾಲು, ಮರಳು ಒಂದು ಪಾಲು ಹಾಕಿದೆ. ಗಟ್ಟಿಯಾಗಲಿ ಅಂತ ಸ್ವಲ್ಪ ಸಿಮೆಂಟ್ ಸೇರಿಸಿದ್ದೆ. ಉಗುರಿನಿಂದ ಕೆರೆದರೂ ಪುಡಿ ಬರಲಿಲ್ಲ, ಹುಳ ಹೇಗೆ ಕೊರೆದೀತು? ಮೂರನೆಯದರಲ್ಲಿ ಸಿಮೆಂಟ್ ಬಿಟ್ಟೆ. ಅದು ಸರಿಯಾಯಿತು. 20 ಲೀಟರಿನ ಹಳೇ ಪೇಂಟ್ ಡಬ್ಬವನ್ನು ಅಡ್ಡ ಮಲಗಿಸಿ ಮಣ್ಣು ತುಂಬಿ, ಹಸಿ ಇರುವಾಗಲೇ ಪೆನ್ಸಿಲ್‌ನಿಂದ 8 ಮಿ.ಮೀ. ಅಗಲ, 3 ಸೆಂ.ಮೀ. ಆಳದ ಗುರುತು ತೂತು ಮಾಡಿದೆ. ಸಜ್ಜೆಯ ಕೆಳಗೆ, ಮಳೆ ತಾಗದ ಕಡೆ ಇಟ್ಟೆ.

ಸೆಪ್ಟೆಂಬರ್ ಮಳೆ ಮುಗಿಯುವ ಹೊತ್ತಿಗೆ ಮೂರು ತೂತುಗಳು ಆಳವಾಗಿದ್ದವು, ಕೆಳಗೆ ಹೊಸ ಮಣ್ಣಿನ ಪುಡಿ ಬಿದ್ದಿತ್ತು. ಗಂಡುಗಳು ಸಂಜೆ ಕಾಮಕಸ್ತೂರಿಯ ಒಣ ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಸಾಲಾಗಿ ಮಲಗುತ್ತವೆ. ಫೋಟೋ ತೆಗೆಯಲು ಅದಕ್ಕಿಂತ ಒಳ್ಳೆ ಹೊತ್ತಿಲ್ಲ.

7. ಕಳ್ಳರು

ಇರುವೆಗೆ ತಂತಿಗೆ ಗ್ರೀಸ್ ಸವರಿದೆ, ಮೆಕ್ಯಾನಿಕ್ ಅಂಗಡಿಯಲ್ಲಿ 20 ರೂಪಾಯಿ. ತಿಂಗಳಿಗೊಮ್ಮೆ ಧೂಳು ಕೂತು ಗಟ್ಟಿಯಾಗುತ್ತದೆ, ಮತ್ತೆ ಸವರಬೇಕು. ಹಲ್ಲಿಗೆ ಮುಂದೆ ಅರ್ಧ ಇಂಚಿನ ಜಾಲರಿ ಹಾಕಿದೆ. ಹುಳ ಸಲೀಸಾಗಿ ಹಾದು ಹೋಗುತ್ತದೆ.

ಹಸಿರು ನೀಲಿ ಲೋಹದಂತೆ ಹೊಳೆಯುವ ಕೋಗಿಲೆ ಕಣಜ ಗೂಡಿನ ಮುಂದೆ ಸುತ್ತುತ್ತಿರುತ್ತದೆ. ತಾಯಿ ಹೊರಗೆ ಹೋದಾಗ ಒಳಗೆ ನುಗ್ಗಿ ತನ್ನ ಮೊಟ್ಟೆ ಇಡುತ್ತದೆ. ಅಮೆಜಿಲ್ಲಾ ಇಟ್ಟಿಗೆಯ ಹತ್ತಿರ ಕಪ್ಪು ಮೈಗೆ ನೀಲಿ ಚುಕ್ಕೆ ಇರುವ ಥೈರಿಯಸ್ ಎಂಬ ಕೋಗಿಲೆ ಜೇನು ಬಂತು. ಇವನ್ನು ಓಡಿಸಲಿಲ್ಲ. ಇವೂ ಹಿತ್ತಲಿನವೇ, ಇವು ಬಂದಿವೆ ಎಂದರೆ ಗೂಡು ಕಟ್ಟುವವರು ಸಾಕಷ್ಟು ಇದ್ದಾರೆ ಎಂದರ್ಥ. ಆದರೆ ಒಂದೇ ಕಡೆ ನೂರಾರು ತೂತು ಇಟ್ಟರೆ ಕಳ್ಳರಿಗೂ ರೋಗಕ್ಕೂ ಸುಲಭ. ಮೂರು ಸಣ್ಣ ಗೂಡುಗಳನ್ನು ಬೇರೆ ಬೇರೆ ಕಡೆ ಇಡುವುದು ಒಂದು ದೊಡ್ಡದಕ್ಕಿಂತ ಮೇಲು.

8. ಖರ್ಚು, ಮುಂದಿನ ಕೆಲಸ

ಲೆನ್ಸ್ 350, ಬಿಟ್ 420, ಕೊರಡು 60, ಬಿದಿರು 100, ಹಲಗೆ 80, ಬಡಿಗೇರರ ಕೂಲಿ 350, ಪಿವಿಸಿ ತುಂಡು 90, ಓಎಚ್‌ಪಿ ಹಾಳೆ 60, ಜಾಲರಿ, ತಂತಿ, ಗ್ರೀಸ್ ಸೇರಿ 130. ಒಟ್ಟು 1,640 ರೂಪಾಯಿ. ಲೆನ್ಸ್, ಕೊರಡು, ಬಿಟ್, ಹಲಗೆಯ ಖರ್ಚು ಬಿಟ್ಟು ಬರೀ ಬಿದಿರಿನ ಗೂಡು ಮಾಡಿದ್ದರೆ 320 ರೂಪಾಯಿಯಲ್ಲಿ ಮುಗಿಯುತ್ತಿತ್ತು.

ಬಿದಿರನ್ನು ವರ್ಷಾನುಗಟ್ಟಲೆ ಹಾಗೇ ಬಿಡಬಾರದು, ಬೂಷ್ಟು ಮತ್ತು ನುಸಿ ಕೂಡುತ್ತವೆ. ಮಾರ್ಚಿಗೆ ಮುಂಚೆ ಹಳೆಯ ಕೊಳವೆಗಳನ್ನು ತೆಗೆದು ಮುಚ್ಚಿದ ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತೇನೆ. ಪೆಟ್ಟಿಗೆಗೆ ಒಂದೇ ಒಂದು, ದುಂಬಿ ಹಾಯುವಷ್ಟು ತೂತು, ಬೆಳಕಿನ ಕಡೆಗೆ. ಹುಟ್ಟಿದ ಹುಳ ಬೆಳಕು ಹುಡುಕಿ ಹೊರಗೆ ಹೋಗುತ್ತದೆ, ಕತ್ತಲೆ ಪೆಟ್ಟಿಗೆಗೆ ಮತ್ತೆ ಗೂಡು ಕಟ್ಟಲು ಬರುವುದು ಅಪರೂಪ. ಪಕ್ಕದಲ್ಲೇ ಹೊಸ ಬಿದಿರು ಕಟ್ಟಿರುತ್ತೇನೆ. ಈ ಸಲ ಹತ್ತಿ ಕಟ್ಟಿಗೆ ಮತ್ತು ಔಡಲ ದಂಟನ್ನೂ ಸೇರಿಸುವುದಿದೆ. ಸಣ್ಣ ತಿರುಳಿನ ಕಡ್ಡಿ ಕೊರೆದು ವಾಸಿಸುವ ಸೆರಾಟಿನಾ ಜೇನುಗಳಿಗೆ ಇನ್ನೂ ಏನೂ ಮಾಡಿಲ್ಲ. ದಂಟನ್ನು ಒಂದಡಿ ಉದ್ದಕ್ಕೆ ಕತ್ತರಿಸಿ, ತುದಿಯ ತಿರುಳು ಕಾಣುವಂತೆ ಬೇಲಿಗೆ ನಿಲ್ಲಿಸಿ ಕಟ್ಟಬೇಕು. ದಂಟು ಈಗ ಮಾಳಿಗೆ ಮೇಲೆ ಒಣಗುತ್ತಿದೆ.